ಶಕ್ತಿಯ ಲೆಕ್ಕ

ಮಾನವನು ಬೆಂಕಿ ಹೊತ್ತಿಸಲು ಕಲಿತ ದಿನದಿಂದ ಇಂದಿನವರೆಗೆ ಅವನ ನಾಗರಿಕತೆಯು ಶಕ್ತಿಯ ಮೂಲಗಳನ್ನು ಅರಸುತ್ತಲೇ ಬೆಳೆದುಬಂದಿದೆ. ಎತ್ತಿನ ಹೆಗಲು, ಹರಿಯುವ ನೀರು, ಬೀಸುವ ಗಾಳಿ, ನೆಲದೊಳಗಿನ ಕಲ್ಲಿದ್ದಲು ಇವೆಲ್ಲವೂ ಒಂದೊಂದು ಕಾಲದಲ್ಲಿ ಅವನ ದುಡಿಮೆಯ ಭಾರವನ್ನು ಹಂಚಿಕೊಂಡಿವೆ. ಇಂದಂತೂ ವಿದ್ಯುಚ್ಛಕ್ತಿಯಿಲ್ಲದ ಒಂದು ದಿನವನ್ನು ಊಹಿಸುವುದೂ ಕಷ್ಟ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಒಂದು ಗಂಟೆ ವಿದ್ಯುತ್ತು ನಿಂತರೆ ಸಾಕು, ಮನೆಯ ನೀರಿನ ಪಂಪು, ಗಿರಣಿಯ ಚಕ್ರ, ಸಣ್ಣ ಕಾರ್ಖಾನೆಯ ಲೇತು ಎಲ್ಲವೂ ಒಮ್ಮೆಗೇ ಸ್ತಬ್ಧವಾಗುತ್ತವೆ.

ಅಂತಹ ಹೊತ್ತಿನಲ್ಲಿ ನೆರೆಹೊರೆಯವರ ನಡುವೆ ಒಂದು ವಾದ ಹುಟ್ಟುವುದುಂಟು. 'ಸೂರ್ಯನೂ ಗಾಳಿಯೂ ಇರುವಾಗ ಕಲ್ಲಿದ್ದಲನ್ನು ಏಕೆ ಸುಡಬೇಕು?' ಎಂದು ಒಬ್ಬರು ಕೇಳುತ್ತಾರೆ. 'ಇಂಧನವೇ ಬೇಡದೆ ತಾನಾಗಿ ತಿರುಗುವ ಯಂತ್ರವನ್ನು ಯಾರೋ ಕಂಡುಹಿಡಿದಿದ್ದಾರಂತೆ. ಅದೊಂದನ್ನು ಕೊಂಡರೆ ಕರೆಂಟು ಬಿಲ್ಲಿನ ಚಿಂತೆಯೇ ಇಲ್ಲವಂತೆ' ಎಂದು ಇನ್ನೊಬ್ಬರು ಹೇಳುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ ಬಗೆಯ ಮಾತಿನಂತೆ ತೋರುತ್ತವೆ. ಆದರೆ ಅವುಗಳ ನಡುವೆ ಅಜಗಜಾಂತರವಿದೆ. ಆ ಅಂತರವನ್ನು ಅರಿಯದಿದ್ದರೆ ಹಣವೂ ನಷ್ಟ, ವಿವೇಕವೂ ನಷ್ಟ.

ತಾನಾಗಿ ತಿರುಗುವ ಯಂತ್ರದ ಕನಸು ಇಂದಿನದಲ್ಲ. 1114ರಲ್ಲಿ ಜನಿಸಿದ ಮಹಾಗಣಿತಜ್ಞ ಎರಡನೆಯ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯಲ್ಲಿ ಅಂತಹ ಒಂದು ಚಕ್ರದ ವರ್ಣನೆಯಿದೆ. ಆತನ ಊರಾದ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಹಗುರವಾದ ಮರದ ಚಕ್ರಕ್ಕೆ ಟೊಳ್ಳಾದ ಕಡ್ಡಿಗಳನ್ನು ಜೋಡಿಸಿ, ಅವುಗಳಲ್ಲಿ ಅರ್ಧದಷ್ಟು ಪಾದರಸವನ್ನು ತುಂಬಬೇಕು. ಚಕ್ರವು ತಿರುಗುವಾಗ ಪಾದರಸವು ಒಂದು ಪಕ್ಕದಲ್ಲಿ ಅಂಚಿನ ಕಡೆಗೂ ಮತ್ತೊಂದು ಪಕ್ಕದಲ್ಲಿ ಅಚ್ಚಿನ ಕಡೆಗೂ ಸರಿಯುತ್ತದೆ. ಇದರಿಂದ ಒಂದು ಪಕ್ಕ ಸದಾ ಭಾರವಾಗಿ, ಚಕ್ರವು ನಿಲ್ಲದೆ ತಿರುಗುತ್ತದೆಂಬುದು ಕಲ್ಪನೆ.

ಕಲ್ಪನೆ ಸೊಗಸಾದುದು, ಆದರೆ ಚಕ್ರವು ನಿಂತೇ ನಿಲ್ಲುತ್ತದೆ. ಏಕೆಂದರೆ ಒಂದು ಸುತ್ತು ಮುಗಿಯುವ ವೇಳೆಗೆ ಪಾದರಸದ ಪ್ರತಿಯೊಂದು ಹನಿಯೂ ತಾನು ಹೊರಟ ಎತ್ತರಕ್ಕೇ ಮರಳಿರುತ್ತದೆ. ಇಳಿಯುವಾಗ ಅದು ಎಷ್ಟು ಶಕ್ತಿಯನ್ನು ಕೊಟ್ಟಿತೋ ಏರುವಾಗ ಅಷ್ಟನ್ನೇ ಕೇಳುತ್ತದೆ. ಉಳಿತಾಯ ಸೊನ್ನೆ. ಅಚ್ಚಿನ ಘರ್ಷಣೆಗೂ ಗಾಳಿಯ ತಡೆಗೂ ತೆರಬೇಕಾದ ಶಕ್ತಿಗೆ ಗತಿಯಿಲ್ಲ. ಭಾಸ್ಕರಾಚಾರ್ಯನ ಕಾಲದಲ್ಲಿ ಈ ನಿಯಮವು ಜಗತ್ತಿನ ಯಾರಿಗೂ ತಿಳಿದಿರಲಿಲ್ಲವಾದುದರಿಂದ ಆತನ ಕಲ್ಪನೆಯು ಕುತೂಹಲಿಯಾದ ಮನಸ್ಸಿನ ಕುರುಹೇ ಹೊರತು ದೋಷವಲ್ಲ.

ನಿಯಮವು ಸ್ಪಷ್ಟವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ಜೇಮ್ಸ್ ಜೌಲ್ ಎಂಬಾತನು ಕೆಳಗಿಳಿಯುವ ತೂಕದ ಕಲ್ಲುಗಳಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದನು. ತೂಕ ಕಳೆದುಕೊಂಡ ಶಕ್ತಿಗೆ ತಕ್ಕಷ್ಟೇ ಶಾಖವು ನೀರಿನಲ್ಲಿ ಕಾಣಿಸಿತು. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸಬಹುದು ಅಷ್ಟೆ. ಇದನ್ನೇ ಶಕ್ತಿಯ ಸಂರಕ್ಷಣಾ ನಿಯಮವೆನ್ನುವರು. ಇದು ಸಿದ್ಧವಾಗುವ ಮೊದಲೇ, 1775ರಲ್ಲಿ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ನಿತ್ಯಚಲನ ಯಂತ್ರಗಳ ಯೋಜನೆಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ನಿರ್ಣಯಿಸಿತ್ತು. ಸುಸ್ಥಾಪಿತ ಪ್ರಕೃತಿನಿಯಮಗಳಿಗೆ ಎದ್ದುಕಾಣುವಂತೆ ವಿರುದ್ಧವಾದುದನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲವೆಂದು ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆಯೂ ಹೇಳುತ್ತದೆ.

ಆದರೂ ಕನಸು ಅಳಿದಿಲ್ಲ. ಕರ್ನಾಟಕದಲ್ಲಿಯೇ ಅದಕ್ಕೆ ಒಂದು ನಿದರ್ಶನವುಂಟು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಯೋಜನೆಯಲ್ಲಿ ಉನ್ನತ ಹೊಣೆ ಹೊತ್ತಿದ್ದ ಎಂಜಿನಿಯರ್ ಪರಮಹಂಸ ತಿವಾರಿಯವರು, ಬರಿದೆಂದು ನಾವು ಭಾವಿಸುವ ಆಕಾಶವೇ ಶಕ್ತಿಯ ಆಗರವೆಂಬ ಸಿದ್ಧಾಂತವನ್ನು ಮಂಡಿಸಿದರು. ತಾವು ರೂಪಿಸಿದ ಜನರೇಟರು ತಾನು ಪಡೆದುದಕ್ಕಿಂತ ಹೆಚ್ಚು ಶಕ್ತಿಯನ್ನು ಕೊಡುತ್ತದೆಂದು ಪ್ರತಿಪಾದಿಸಿದರು. ಅವರು ವಿದ್ಯಾವಂತರು, ಅನುಭವಿಗಳು. ಆದರೆ ವಿಜ್ಞಾನದಲ್ಲಿ ಹೇಳಿದವರ ಹಿರಿಮೆಗಿಂತ ಅಳೆದ ಅಂಕಿಗೆ ಬೆಲೆ ಹೆಚ್ಚು. ಬೇರೆ ಬೇರೆ ಪ್ರಯೋಗಶಾಲೆಗಳು ಸ್ವತಂತ್ರವಾಗಿ, ಮತ್ತೆ ಮತ್ತೆ ಪರೀಕ್ಷಿಸಿ ಒಪ್ಪಿದ ಸತ್ಯವಾಗಿ ಆ ಹೇಳಿಕೆಯು ನಿಲ್ಲಲಿಲ್ಲ. ಹೊಸದನ್ನು ಹೇಳುವವರನ್ನು ಹಳಿಯುವುದು ಸಲ್ಲದು. ಹಾಗೆಯೇ ಪರೀಕ್ಷೆಯಿಲ್ಲದೆ ನಂಬುವುದೂ ಸಲ್ಲದು.

ಮೋಟಾರಿನಿಂದ ಜನರೇಟರನ್ನು ತಿರುಗಿಸಿ, ಆ ಜನರೇಟರಿನ ವಿದ್ಯುತ್ತಿನಿಂದಲೇ ಮೋಟಾರನ್ನು ನಡೆಸಬಹುದೆಂದು ಹಲವರು ತಿಳಿದಿದ್ದಾರೆ. ಇದರ ಲೆಕ್ಕವನ್ನು ನೋಡೋಣ. ಮೋಟಾರು ತಾನು ಪಡೆದುದರಲ್ಲಿ ನೂರಕ್ಕೆ 85 ಪಾಲನ್ನು ಮಾತ್ರ ಚಲನೆಯಾಗಿ ಕೊಡುತ್ತದೆಯೆಂದೂ, ಜನರೇಟರು ಹಾಗೆಯೇ 85 ಪಾಲನ್ನು ವಿದ್ಯುತ್ತಾಗಿ ಕೊಡುತ್ತದೆಯೆಂದೂ ಇಟ್ಟುಕೊಳ್ಳೋಣ. 1000 ವ್ಯಾಟ್ ಕೊಟ್ಟರೆ ಮೋಟಾರಿನಿಂದ 850, ಜನರೇಟರಿನಿಂದ ಸುಮಾರು 722 ವ್ಯಾಟ್ ದೊರೆಯುತ್ತದೆ. ಅದನ್ನೇ ಮರಳಿ ಉಣಿಸಿದರೆ ಎರಡನೆಯ ಬಾರಿಗೆ 522, ಮೂರನೆಯ ಬಾರಿಗೆ 377. ಪ್ರತಿ ಸುತ್ತಿನಲ್ಲೂ ಶಕ್ತಿಯು ಶಾಖವಾಗಿ, ಸದ್ದಾಗಿ ಸೋರಿಹೋಗುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ.

ಹಾಗಾದರೆ ಪ್ರದರ್ಶನಗಳಲ್ಲಿ ದೀಪವು ಉರಿಯುವುದು ಹೇಗೆ? ಭಾರವಾದ ಗಾಲಿಯಲ್ಲಿ ಮೊದಲೇ ತುಂಬಿದ ಚಲನಶಕ್ತಿಯು ಕೆಲವು ನಿಮಿಷ ದೀಪವನ್ನು ಉರಿಸಬಲ್ಲದು. ಪೆಟ್ಟಿಗೆಯೊಳಗಿನ ಬ್ಯಾಟರಿಯು ಕೆಲವು ಗಂಟೆ ಉರಿಸಬಲ್ಲದು. ಅಳತೆಯಲ್ಲಿಯೂ ಎಡವಟ್ಟಾಗಬಹುದು. ಪರ್ಯಾಯ ವಿದ್ಯುತ್ತಿನಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ ಮಾತ್ರಕ್ಕೆ ನಿಜವಾದ ವ್ಯಾಟ್ ದೊರೆಯದು. ಅವೆರಡೂ ಒಟ್ಟಿಗೆ ಏರಿಳಿಯದಿದ್ದರೆ ಗುಣಲಬ್ಧವು ನಿಜಕ್ಕಿಂತ ಹೆಚ್ಚಾಗುತ್ತದೆ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹೊರಗಿನ ತಂತಿಯನ್ನೂ ಬ್ಯಾಟರಿಯನ್ನೂ ತೆಗೆದು, ಯಂತ್ರವು ವಾರಗಟ್ಟಲೆ ದೀಪವನ್ನು ಉರಿಸಲಿ; ಅಪರಿಚಿತರು ಅದನ್ನು ಬಿಚ್ಚಿ ನೋಡಲಿ. ಈ ಪರೀಕ್ಷೆಗೆ ಹಿಂಜರಿಯುವ ಯಂತ್ರಕ್ಕೆ ಹಣ ಕೊಡಬಾರದು. 1996ರಲ್ಲಿ ತಮಿಳುನಾಡಿನ ಒಬ್ಬರು ಗಿಡಮೂಲಿಕೆಗಳಿಂದ ಪೆಟ್ರೋಲ್ ತಯಾರಿಸುವುದಾಗಿ ಹೇಳಿದಾಗ ದೇಶವೇ ಬೆರಗಾಗಿತ್ತು. ಇಪ್ಪತ್ತು ವರ್ಷಗಳ ಅನಂತರ, 2016ರಲ್ಲಿ, ಚೆನ್ನೈಯ ನ್ಯಾಯಾಲಯವು ಅದು ವಂಚನೆಯೆಂದು ಶಿಕ್ಷೆ ವಿಧಿಸಿತು.

ಇನ್ನು ಮೊದಲನೆಯ ಪ್ರಶ್ನೆ. ನೀರು, ಬಿಸಿಲು, ಗಾಳಿಗಳು ಪುಕ್ಕಟೆಯಲ್ಲವೇ? ಅವು ಪುಕ್ಕಟೆಯಾದರೂ ಅವುಗಳಿಂದ ಬರುವ ವಿದ್ಯುತ್ತು ಪುಕ್ಕಟೆಯಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ದೀಪವಾಯಿತು. ಆದರೆ ಬೇಸಿಗೆಯಲ್ಲಿ ಕಾವೇರಿಯು ಸೊರಗಿದಾಗ ಯಂತ್ರಗಳಿಗೆ ನೀರು ಸಾಲದಾಯಿತು. 1911ರಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿನ ಕಾರ್ಯ ಆರಂಭವಾದುದಕ್ಕೆ ಈ ಕೊರತೆಯೂ ಒಂದು ಕಾರಣ. ಆ ಜಲಾಶಯದಲ್ಲಿ ಹಳೆಯ ಕನ್ನಂಬಾಡಿ ಗ್ರಾಮವು ಮುಳುಗಿತು. ಬೆಳಕಿನ ಬೆಲೆಯನ್ನು ಅಲ್ಲಿನ ಜನರು ತಮ್ಮ ಮನೆ, ಹೊಲಗಳಿಂದ ತೆತ್ತರು.

ಬಿಸಿಲಿನ ಲೆಕ್ಕವೂ ಹೀಗೆಯೇ. ಬೆಂಗಳೂರಿನಲ್ಲಿ ಒಂದು ಚದರ ಮೀಟರಿನ ಮೇಲೆ ದಿನಕ್ಕೆ ಸರಾಸರಿ ಸುಮಾರು 5 ಯೂನಿಟ್ ಸೌರಶಕ್ತಿ ಬೀಳುತ್ತದೆ. ಸೌರಫಲಕವು ಅದರಲ್ಲಿ ಐದನೆಯ ಒಂದು ಭಾಗದಷ್ಟನ್ನು, ಎಂದರೆ ಸುಮಾರು ಒಂದು ಯೂನಿಟ್ಟನ್ನು, ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಮಾಳಿಗೆಗಳ ಮೇಲೆ ಕಾಣುವ ಸೌರ ನೀರುಕಾಯಿಸುವ ಸಾಧನಗಳು ಈ ಶಕ್ತಿಯ ಸರಳವಾದ ಬಳಕೆ. ಆದರೆ ಆಷಾಢದ ಮೋಡಕ್ಕೆ ಅವು ತಣ್ಣಗಾಗುತ್ತವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಬರದಿಂದ ಬೆಂದ ಆ ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದುದು ಮೆಚ್ಚತಕ್ಕ ವಿಷಯ. ಭೂಮಿಯುಳ್ಳವನಿಗೆ ವರ್ಷವರ್ಷವೂ ಗುತ್ತಿಗೆಯ ಹಣ ಬರುತ್ತದೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನನಿಗೆ ಆ ಹಣವಿಲ್ಲ. ಈ ಪ್ರಶ್ನೆಯನ್ನು ಮರೆತರೆ ಲೆಕ್ಕ ಪೂರ್ಣವಾಗದು.

ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿದವರ ಉದಾಹರಣೆಯೂ ನಮ್ಮಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗವು ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ಎಲ್ಲ ಮನೆಗಳ ಅಡುಗೆ ನಡೆಸಬೇಕೆಂಬುದು ವಿಜ್ಞಾನಿಗಳ ಮೊದಲ ಯೋಜನೆ. ಹಳ್ಳಿಯ ದನಗಳ ಸಗಣಿಯು ಅದಕ್ಕೆ ಸಾಲದೆಂದು ಕಂಡುಬಂದಿತು. ಅವರು ಅದನ್ನು ಮರೆಮಾಡಲಿಲ್ಲ. ಹಳ್ಳಿಯವರ ಮಾತಿಗೆ ಕಿವಿಗೊಟ್ಟು, ಇದ್ದಷ್ಟು ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಲು ನಿಶ್ಚಯಿಸಿದರು. 1987ರಿಂದ ಹಲವು ವರ್ಷ ಈ ವ್ಯವಸ್ಥೆ ನಡೆಯಿತು. ಮನೆಮನೆಯ ಸಗಣಿಯನ್ನು ತೂಗಿ ಪಡೆದು, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವನ್ನು ಮರಳಿಸುತ್ತಿದ್ದರು. ಎಂಜಿನ್ನಿಗೆ ಸ್ವಲ್ಪ ಡೀಸೆಲ್ಲೂ ಬೇಕಾಗಿತ್ತು. ಅದೂ ಲೆಕ್ಕಕ್ಕೆ ಸೇರಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿದುದರಿಂದಲೇ ಹಳ್ಳಿಗೆ ಬೆಳಕು ಬಂದಿತು.

ಶಕ್ತಿಯ ಪ್ರತಿಯೊಂದು ಮೂಲಕ್ಕೂ ಆಯವುಂಟು, ವ್ಯಯವುಂಟು. ಸೌರಶಕ್ತಿ, ಪವನಶಕ್ತಿ, ಜೈವಿಕ ಅನಿಲಗಳು ತಮ್ಮ ವ್ಯಯವನ್ನು ತೋರಿಸಬಲ್ಲವು. ಆದುದರಿಂದಲೇ ಅವುಗಳನ್ನು ತಿದ್ದಬಹುದು, ಬೆಳೆಸಬಹುದು. ವ್ಯಯವೇ ಇಲ್ಲವೆಂದು ಸಾರುವ ಯಂತ್ರವನ್ನು ತಿದ್ದುವ ಬಗೆಯಾದರೂ ಯಾವುದು? 'ಈ ಶಕ್ತಿ ಎಲ್ಲಿಂದ ಬಂತು? ಇದರ ಬೆಲೆಯನ್ನು ಯಾರು ತೆತ್ತರು?' ಎಂಬ ಎರಡು ಪ್ರಶ್ನೆಗಳನ್ನು ಕೇಳಬಲ್ಲ ವಿದ್ಯಾರ್ಥಿಯು ನಾಳೆ ವಂಚನೆಗೆ ಒಳಗಾಗುವುದಿಲ್ಲ. ಇತರರಿಗೆ ಅನ್ಯಾಯವಾಗಲೂ ಬಿಡುವುದಿಲ್ಲ.

ಪದಗಳ ಅರ್ಥ

ಅಜಗಜಾಂತರ – ಆಡಿಗೂ ಆನೆಗೂ ಇರುವಷ್ಟು ದೊಡ್ಡ ವ್ಯತ್ಯಾಸ. ಆಗರ – ನೆಲೆ, ಗಣಿ. ಗುಣಲಬ್ಧ – ಗುಣಿಸಿದಾಗ ಬರುವ ಸಂಖ್ಯೆ. ವ್ಯಯ – ಖರ್ಚು. ಹಳಿ – ನಿಂದಿಸು.

ಅಭ್ಯಾಸ

1. ಭಾಸ್ಕರಾಚಾರ್ಯನು ವರ್ಣಿಸಿದ ಚಕ್ರವು ಸದಾ ತಿರುಗಲಾರದು ಏಕೆ?
2. ಪುರ ಹಳ್ಳಿಯಲ್ಲಿ ವಿಜ್ಞಾನಿಗಳು ಮೊದಲ ಯೋಜನೆಯನ್ನು ಬದಲಾಯಿಸಿದುದೇಕೆ? ಇದರಿಂದ ತಿಳಿಯುವ ನೀತಿ ಯಾವುದು?
3. 'ಬೆಳಕಿನ ಬೆಲೆಯನ್ನು ಅಲ್ಲಿನ ಜನರು ತಮ್ಮ ಮನೆ, ಹೊಲಗಳಿಂದ ತೆತ್ತರು.' ಈ ವಾಕ್ಯವನ್ನು ಸಂದರ್ಭದೊಡನೆ ವಿವರಿಸಿರಿ.
4. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.
5. 'ಹೊಸ ಶಕ್ತಿಮೂಲಗಳಿಗೂ ಬೆಲೆಯುಂಟು' ಎಂಬ ವಿಷಯವನ್ನು ಕುರಿತು ತರಗತಿಯಲ್ಲಿ ಚರ್ಚಾಸ್ಪರ್ಧೆ ಏರ್ಪಡಿಸಿರಿ.