ಲಾಲ್‌ಬಾಗಿನಲ್ಲಿ ಒಂದು ಮರ, ಒಂದು ವರ್ಷ

ಲಾಲ್‌ಬಾಗ್ ನೋಡಲು ಯಾವಾಗ ಬರಬೇಕು ಎಂದು ಕೇಳಿದರೆ ಬಹಳ ಜನ ಹೇಳುವುದು ಎರಡೇ ತಿಂಗಳು: ಜನವರಿ, ಇಲ್ಲವೇ ಆಗಸ್ಟ್. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ತಿಂಗಳುಗಳವು. ಗಾಜಿನ ಮನೆಯ ಸುತ್ತ ನೂಕುನುಗ್ಗಲಿನಲ್ಲಿ ಒಂದು ಸುತ್ತು, ಒಂದಷ್ಟು ಫೋಟೊ, ಗೇಟಿನ ಹೊರಗೆ ಚುರುಮುರಿ, ಅಲ್ಲಿಗೆ ಭೇಟಿ ಮುಗಿಯಿತು. 240 ಎಕರೆಯ ತೋಟದಲ್ಲಿ ಇವರು ಕಂಡದ್ದು ಕುಂಡದಲ್ಲಿ ಬೆಳೆಸಿ ತಂದಿಟ್ಟ ಹೂವನ್ನು. ನೆಲದಲ್ಲಿ ನೂರು ವರ್ಷದಿಂದ ನಿಂತ ಮರಗಳು ಕಣ್ಣಿಗೆ ಬಿದ್ದಿರುವುದೇ ಇಲ್ಲ.

ಲಾಲ್‌ಬಾಗಿಗೆ ಪ್ರವಾಸಿಯಾಗಿ ಒಮ್ಮೆ ಬರುವ ಬದಲು ಸ್ವಯಂಸೇವಕರಾಗಿ ವರ್ಷವಿಡೀ ಬನ್ನಿ ಎಂಬುದು ನನ್ನ ಸಲಹೆ. ಬೆಂಗಳೂರಿನಲ್ಲೇ ಇರುವವರಿಗೆ ಇದು ಸುಲಭ. ಮೈಸೂರು, ತುಮಕೂರು, ಕೋಲಾರದವರು ತಿಂಗಳಿಗೊಮ್ಮೆ ಬಂದರೂ ಸಾಕು. ಕೈಯಲ್ಲೊಂದು ಕೆಲಸವಿದ್ದರೆ ನೋಟ ತಾನಾಗಿ ನಿಧಾನವಾಗುತ್ತದೆ, ಬಂದ ದಾರಿಗೇ ಮತ್ತೆ ಬರಲು ಕಾರಣವೂ ಇರುತ್ತದೆ.

ಎಂಥ ಕೆಲಸ ಎಂಬುದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಬೇಕು. ಲಾಲ್‌ಬಾಗ್ ರಾಜ್ಯ ತೋಟಗಾರಿಕೆ ಇಲಾಖೆಯ ಸ್ವತ್ತು, ಇಲಾಖೆಯ ಮುಖ್ಯ ಕಚೇರಿ ಇರುವುದೂ ಅದರೊಳಗೇ. ಪಾತಿ ಅಗೆಯುವುದು, ಸಸಿ ನಾಟಿ, ಸವರುವುದು, ಗೊಬ್ಬರ ಹಾಕುವುದು ಎಲ್ಲ ಅಲ್ಲಿನ ಮಾಲಿಗಳ ಕೆಲಸ. ಅವರ ಕೈಗೆ ಆ ಮಣ್ಣು ಗೊತ್ತು. ಕುಡುಗೋಲು ಹಿಡಿದು ನೇರವಾಗಿ ಒಳಗೆ ಹೋಗಿ ಕಳೆ ಕೀಳಲು ತೊಡಗಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನಿಮ್ಮ ಕಾಲೇಜು, ಕಚೇರಿ ಅಥವಾ ಬಡಾವಣೆಯ ಗುಂಪು ಮಣ್ಣಿನ ಕೆಲಸವನ್ನೇ ಮಾಡಬೇಕೆಂದಿದ್ದರೆ ಇಲಾಖೆಯ ಕಚೇರಿಗೆ ಪತ್ರ ಬರೆದು, ಅನುಮತಿ ಪಡೆದು, ಅವರು ತೋರಿಸಿದ ಜಾಗದಲ್ಲಿ ಅವರು ಹೇಳಿದಂತೆ ಮಾಡಿ. ಅನುಮತಿಯ ಗೊಡವೆಯಿಲ್ಲದೆ ಒಬ್ಬೊಬ್ಬರೇ ಮಾಡಬಹುದಾದ, ತೋಟಕ್ಕೂ ವಿಜ್ಞಾನಕ್ಕೂ ನಿಜವಾಗಿ ಬೇಕಾದ ಸೇವೆ ಇನ್ನೊಂದಿದೆ. ಅದು ಮರಗಳ ಋತುಚಕ್ರವನ್ನು ಬರೆದಿಡುವುದು.

ಇದಕ್ಕೆಂದೇ 'ಸೀಸನ್‌ವಾಚ್' ಎಂಬ ದೇಶವ್ಯಾಪಿ ಯೋಜನೆಯೊಂದಿದೆ. 2010ರ ಆಸುಪಾಸಿನಲ್ಲಿ ಶುರುವಾದ ಇದನ್ನು ನಡೆಸುವುದರಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದೆ. ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಅವರ ಪಟ್ಟಿಯಲ್ಲಿರುವ ಯಾವುದಾದರೂ ಜಾತಿಯ ಒಂದು ಮರವನ್ನು ಆರಿಸಿ ನೋಂದಾಯಿಸಬೇಕು. ಆಮೇಲೆ ವಾರಕ್ಕೊಮ್ಮೆ ಅದೇ ಮರದ ಕೆಳಗೆ ನಿಂತು ನೋಡುವುದು: ಚಿಗುರೆಲೆ, ಬಲಿತ ಎಲೆ, ಒಣಗುವ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು. ಪ್ರತಿಯೊಂದಕ್ಕೂ 'ಇಲ್ಲ', 'ಸ್ವಲ್ಪ', 'ಬಹಳ' ಎಂಬ ಮೂರರಲ್ಲಿ ಒಂದು ಉತ್ತರ. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ, ಅದಕ್ಕೂ ಮೇಲಾದರೆ ಬಹಳ. ಹತ್ತು ನಿಮಿಷದ ಕೆಲಸ. ಸಸ್ಯಶಾಸ್ತ್ರ ಓದಿರಬೇಕಿಲ್ಲ, ಮೇಲೆ ನೋಡುವ ತಾಳ್ಮೆ ಇದ್ದರಾಯಿತು.

ಇದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಕೇರಳದ ಕಕ್ಕೆ ಮರವನ್ನು ತೋರಿಸುತ್ತೇನೆ. ಏಪ್ರಿಲ್‌ನಲ್ಲಿ, ವಿಷು ಹಬ್ಬದ ಹೊತ್ತಿಗೆ ಹಳದಿ ಗೊಂಚಲು ಬಿಡುವ ಮರ ಅದು. ಅಲ್ಲಿನ ಶಾಲಾಮಕ್ಕಳೂ ಮೇಷ್ಟ್ರುಗಳೂ ವರ್ಷಗಟ್ಟಲೆ ಬರೆದಿಟ್ಟ ದಾಖಲೆಯಿಂದ, ಅದು ಬೇರೆ ತಿಂಗಳುಗಳಲ್ಲೂ ಹೂ ಬಿಡುತ್ತಿರುವುದು ಕಾಣಿಸಿತು. ಯಾರೋ ಒಬ್ಬರು ಹೊತ್ತಲ್ಲದ ಹೊತ್ತಿನಲ್ಲಿ ಹೂ ಕಂಡು ಬೆರಗಾದರೆ ಅದು ಮಾತಾಗಿ ಹೋಗುತ್ತದೆ. ಸಾವಿರ ಜನ ವಾರವಾರ ಬರೆದರೆ ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಆಧಾರವಾಗುತ್ತದೆ.

ಈ ಕೆಲಸಕ್ಕೆ ಲಾಲ್‌ಬಾಗಿಗಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿಲ್ಲ. 1760ರಲ್ಲಿ ಹೈದರಾಲಿ ಹಾಕಿದ ತೋಟವನ್ನು ಟಿಪ್ಪು ಬೆಳೆಸಿದ; ತೋಟದ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದಾಗಿದ್ದ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಬಂದ ಜರ್ಮನಿಯ ಉದ್ಯಾನ ತಜ್ಞ ಕ್ರುಂಬಿಗಲ್, ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷದಲ್ಲಿ ಯಾವ ತಿಂಗಳೂ ಹೂವಿಲ್ಲದೆ ಇರಬಾರದು ಎಂದು ಲೆಕ್ಕ ಹಾಕಿ ಮರ ನೆಡಿಸಿದವರು. ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರೀಗೌಡರು ತೋಟವನ್ನು ಮುಂದುವರಿಸಿದರು. ಕ್ರುಂಬಿಗಲ್ ಹಾಕಿದ ಆ ಲೆಕ್ಕ ಈಗಲೂ ತಾಳೆಯಾಗುತ್ತಿದೆಯೇ ಎಂದು ನೋಡುವುದೇ ನಿಮ್ಮ ಸೇವೆ ಎಂದುಕೊಳ್ಳಿ.

ಶುರು ಮಾಡಲು ಡಿಸೆಂಬರ್ ಒಳ್ಳೆಯದು. ಆಗ ಬಹುತೇಕ ಮರಗಳಲ್ಲಿ ಬಲಿತ ಎಲೆ ತುಂಬಿರುತ್ತದೆ, ಮುಂದಿನ ಬದಲಾವಣೆಯನ್ನೆಲ್ಲ ಮೊದಲಿನಿಂದ ಕಾಣಬಹುದು. ಆಕಾಶಮಲ್ಲಿಗೆಯ ಕೊನೆಯ ಹೂಗಳು ನೆಲದ ಮೇಲೆ ಬಿದ್ದಿರುತ್ತವೆ. ಮಾವು ಹೂ ಬಿಡಲು ಅಣಿಯಾಗುತ್ತಿರುತ್ತದೆ. ಮರ ಆರಿಸುವಾಗ ಒಂದು ಮಾತು: ಅಪರೂಪದ್ದು, ವಿದೇಶದ್ದು ಎಂದು ಹುಡುಕಬೇಡಿ. ಹೊಂಗೆ, ಮಾವು, ಕಕ್ಕೆ, ನೇರಳೆ, ಬೂರುಗ ಇಂಥವನ್ನು ತೆಗೆದುಕೊಳ್ಳಿ. ನಾಡಿನ ಎಲ್ಲ ಕಡೆ ಇರುವ ಮರವಾದರೆ ನಿಮ್ಮ ದಾಖಲೆಯನ್ನು ಧಾರವಾಡದ, ಕಲಬುರಗಿಯ ದಾಖಲೆಯ ಪಕ್ಕದಲ್ಲಿಟ್ಟು ನೋಡಬಹುದು. ಕಾಲುದಾರಿಯಿಂದಲೇ ಪೂರ್ತಿ ತಲೆ ಕಾಣುವ ಮರವಿರಲಿ.

ಜನವರಿಯಲ್ಲಿ ಪ್ರದರ್ಶನದ ಗದ್ದಲ. ಅದನ್ನು ಕೆಳಗೆ ಹೇಳುತ್ತೇನೆ. ಗದ್ದಲ ಕರಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ತನಕದ ಮೂರು ತಿಂಗಳೇ ತೋಟದ ನಿಜವಾದ ಹಬ್ಬ. ವರ್ಷದಲ್ಲಿ ಒಂದೇ ಸಲ ಬರಲು ಸಾಧ್ಯವಿರುವವರಿಗೂ ನಾನು ಹೇಳುವುದು ಈ ಕಾಲವನ್ನೇ. ಎಲೆ ಪೂರ್ತಿ ಉದುರಿಸಿ ಬರಿದಾದ ಕೆಂಪು ಬೂರುಗದ ಕೊಂಬೆಗಳಲ್ಲಿ ಅಂಗೈಯಗಲದ ಹೂಗಳು ಕೂತಿರುತ್ತವೆ. ಅದರ ಮಕರಂದಕ್ಕೆ ಮೈನಾ, ಗಿಳಿ, ಸೂರಕ್ಕಿ, ಕಾಜಾಣ, ಅಳಿಲು ಎಲ್ಲ ಮುತ್ತುತ್ತವೆ. ಬೆಳಿಗ್ಗೆ ಏಳರಿಂದ ಒಂದು ಗಂಟೆ ಅಲ್ಲೇ ನಿಂತರೂ ಬೇಸರವಾಗದು. ಇನ್ನೊಂದು ಜಾತಿ ಬಿಳಿ ಬೂರುಗ. ಅದರ ಹೂ ಅರಳುವುದು ರಾತ್ರಿ, ಪರಾಗಸ್ಪರ್ಶಕ್ಕೆ ಬರುವುದು ಬಾವಲಿ. ಲಾಲ್‌ಬಾಗಿನ ಹಳೆಯ ಬಿಳಿ ಬೂರುಗದ ಬುಡದಲ್ಲಿ ಗೋಡೆಯಂತೆ ಎದ್ದ ಬೇರುಗಳ ನಡುವೆ ಒಬ್ಬ ಆಳು ಮರೆಯಾಗಿ ನಿಲ್ಲಬಹುದು. ಬೇಸಿಗೆ ಬಲಿತಾಗ ಅದರ ಕಾಯಿ ಒಡೆದು ಹತ್ತಿ ಹಾರುತ್ತದೆ.

ಇದೇ ಹೊತ್ತಿನಲ್ಲಿ ತಬೂಬಿಯಾ ಹಳದಿಯಾಗಿ, ಗುಲಾಬಿಯಾಗಿ ಅರಳುತ್ತದೆ. ಎಲ್ಲರ ಫೋನೂ ಅದರ ಕಡೆಗೇ ತಿರುಗುತ್ತದೆ. ನೋಡಿ ಸಂತೋಷಪಡಿ, ಆದರೆ ಪಕ್ಕದ ಹೊಂಗೆಯನ್ನು ಮರೆಯಬೇಡಿ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹಳೆ ಎಲೆ ಕಳಚಿ ಚಿಗುರುವ ವೇಗ ಎಷ್ಟೆಂದರೆ, ಒಂದು ವಾರ ತಪ್ಪಿಸಿದರೆ 'ಚಿಗುರು: ಸ್ವಲ್ಪ' ಎಂದು ಬರೆಯುವ ಅವಕಾಶವೇ ಕೈತಪ್ಪುತ್ತದೆ. ಈ ಮೂರು ತಿಂಗಳು ಮಾತ್ರ ವಾರ ತಪ್ಪಿಸದೆ ಬನ್ನಿ. ಆಮೇಲೆ ಜಕರಂದದ ನೇರಳೆ, ಕಕ್ಕೆಯ ಹಳದಿ, ಹೊಳೆದಾಸವಾಳ, ಮೇ ತಿಂಗಳ ಗುಲ್‌ಮೊಹರ್ ಸಾಲಾಗಿ ಬರುತ್ತವೆ. ಹಕ್ಕಿಗಳ ಕಡೆ ಒಲವಿದ್ದರೆ ಫೆಬ್ರವರಿಯ ನಾಲ್ಕು ದಿನ ಜಗತ್ತಿನೆಲ್ಲೆಡೆ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಸೇರಿಕೊಳ್ಳಿ. ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ 'ಇ-ಬರ್ಡ್' ಎಂಬ ಹಕ್ಕಿ ದಾಖಲೆಯ ತಾಣಕ್ಕೆ ಹಾಕಿದರೆ ನಿಮ್ಮ ಪಾಲಿನದು ಮುಗಿಯಿತು. ತೋಟದೊಳಗಿನ ಕೆರೆಯ ದಂಡೆಯಲ್ಲಿ ನಿಂತರೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ ಸಿಗುತ್ತವೆ. ಚಳಿಗಾಲಕ್ಕೆ ಬಂದ ಬೂದು ಸಿಪಿಲೆ ಇನ್ನೂ ಹೊರಟಿರುವುದಿಲ್ಲ.

ಭರಣಿ ಮಳೆ ಶುರುವಾದರೆ ಎಚ್ಚರ ಬೇಕು. ಏಪ್ರಿಲ್ ಕೊನೆ, ಮೇ ತಿಂಗಳ ಸಂಜೆಯ ಗಾಳಿಮಳೆಗೆ ಬೆಂಗಳೂರಿನಲ್ಲಿ ದೊಡ್ಡ ಕೊಂಬೆಗಳು ಮುರಿದು ಬೀಳುತ್ತವೆ. ಈ ಕಾಲದಲ್ಲಿ ಬೆಳಿಗ್ಗೆಯೇ ಬಂದು ಹೋಗಿ; ಮೋಡ ಕಪ್ಪಾದರೆ ಮರದ ಕೆಳಗೆ ನಿಲ್ಲಬೇಡಿ, ತೋಟದೊಳಗಿನ ಬಂಡೆಯ ಮೇಲೂ ಹತ್ತಬೇಡಿ. ಮಾವು, ಹಲಸಿನ ಮೇಳ ಲಾಲ್‌ಬಾಗಿನಲ್ಲಿ ನಡೆಯುವುದೂ ಈ ಋತುವಿನಲ್ಲೇ. ಬೆಳೆಗಾರರೇ ತಂದು ಮಾರುವ ಹಣ್ಣು, ಚೀಲ ತೆಗೆದುಕೊಂಡು ಬನ್ನಿ.

ಜೂನ್, ಜುಲೈನಲ್ಲಿ ನೇರಳೆ ಹಣ್ಣು ಉದುರಿ ದಾರಿಯೆಲ್ಲ ಬಣ್ಣವಾಗಿರುತ್ತದೆ. ಹೂ ಕಡಿಮೆ, ಹಸಿರು ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಬಂದರೂ ನಡೆಯುತ್ತದೆ.

ಈಗ ಫಲಪುಷ್ಪ ಪ್ರದರ್ಶನ. ಇಲಾಖೆಯ ಜೊತೆ ಇದನ್ನು ನಡೆಸುವುದು 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ. ಲಕ್ಷಗಟ್ಟಲೆ ಜನ ಬರುವ ಈ ದಿನಗಳಲ್ಲಿ ತೋಟಕ್ಕೆ ಕೈಗಳು ಬೇಕು. ಸಾಲು ನಿಭಾಯಿಸಲು, ತಪ್ಪಿಸಿಕೊಂಡ ಮಕ್ಕಳನ್ನು ಅಪ್ಪ ಅಮ್ಮನ ಹತ್ತಿರ ಮುಟ್ಟಿಸಲು, ಹಿರಿಯರಿಗೆ ದಾರಿ ತೋರಿಸಲು, ಎಲ್ಲಕ್ಕಿಂತ ಹೆಚ್ಚಾಗಿ ಕಸ ವಿಂಗಡಿಸಲು. ಎನ್‌ಎಸ್‌ಎಸ್, ಸ್ಕೌಟ್ಸ್ ಅಂಡ್ ಗೈಡ್ಸ್ ಘಟಕಗಳಲ್ಲಿರುವ ವಿದ್ಯಾರ್ಥಿಗಳು ತಮ್ಮ ಶಾಲಾ ಕಾಲೇಜಿನ ಮೂಲಕವೇ ಕೇಳಿಕೊಳ್ಳುವುದು ಸರಿಯಾದ ದಾರಿ. ಉಳಿದವರು ಪ್ರದರ್ಶನಕ್ಕೆ ಒಂದು ತಿಂಗಳು ಮೊದಲೇ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕಸದ ಕೆಲಸ ಸಿಕ್ಕಿದರೆ ಬೇಡ ಎನ್ನಬೇಡಿ. ಹೂವಿನ ಮುಂದೆ ನಿಂತು 'ಮುಟ್ಟಬೇಡಿ' ಎನ್ನುವುದಕ್ಕಿಂತ, ಪ್ಲಾಸ್ಟಿಕ್ ಬಾಟಲಿ ಕೆರೆಗೆ ಸೇರದಂತೆ ಹಿಡಿಯುವುದು ತೋಟಕ್ಕೆ ದೊಡ್ಡ ಉಪಕಾರ. ಪ್ರದರ್ಶನ ಮುಗಿದ ಮರುದಿನ ಇನ್ನೂ ಹೆಚ್ಚು ಜನ ಬೇಕು, ಆ ದಿನ ಬರುವವರೇ ಕಡಿಮೆ. ಹುಲ್ಲುಹಾಸಿನ ಮೇಲೆ ಬಿದ್ದ ಕಾಗದ, ಐಸ್‌ಕ್ರೀಮ್ ಕಡ್ಡಿ, ಚಾಕೊಲೇಟ್ ಸಿಪ್ಪೆಗಳನ್ನು ಮಾಲಿಗಳೇ ಬಗ್ಗಿ ಬಗ್ಗಿ ಹೆಕ್ಕುತ್ತಾರೆ. ಒಂದು ಬೆಳಗ್ಗೆ ಅವರ ಜೊತೆ ಬಗ್ಗಿ ಹೆಕ್ಕಿ. ಅವರಲ್ಲಿ ಹಿರಿಯರೊಬ್ಬರನ್ನು "ಅಣ್ಣ, ಈ ಮರ ಎಷ್ಟು ವರ್ಷದಿಂದ ನೋಡ್ತಿದ್ದೀರಾ?" ಎಂದು ಕೇಳಿ ನೋಡಿ, ಯಾವ ಫಲಕದಲ್ಲೂ ಇಲ್ಲದ ಸಂಗತಿಗಳು ತಿಳಿಯುತ್ತವೆ.

ಸೆಪ್ಟೆಂಬರ್ ಚಿಟ್ಟೆಗಳ ತಿಂಗಳು. ದೇಶದ ಚಿಟ್ಟೆಪ್ರಿಯರು ಇದನ್ನು 'ಬಿಗ್ ಬಟರ್‌ಫ್ಲೈ ಮಂತ್' ಎಂದು ಎಣಿಕೆಗೆ ಮೀಸಲಿಡುತ್ತಾರೆ. ಬಿಸಿಲು ಬಂದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಪೊದೆಗಳಿರುವ ಕಡೆ ನಡೆಯಿರಿ. ಚಿತ್ತೆ, ಸ್ವಾತಿ ಮಳೆಗಳು ಮುಗಿದು ನವೆಂಬರ್ ಬರುವಷ್ಟರಲ್ಲಿ ಆಕಾಶಮಲ್ಲಿಗೆ ಬಿಳಿಯಾಗಿರುತ್ತದೆ, ಗುಲಾಬಿ ತಬೂಬಿಯಾ ಮತ್ತೊಂದು ಸುತ್ತು ಅರಳಲು ಹೊರಟಿರುತ್ತದೆ.

ಬರುವುದು ಹೇಗೆ? ಮೆಟ್ರೊ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ನಡಿಗೆಯ ದೂರದಲ್ಲಿದೆ. ಡಬಲ್ ರೋಡ್ ಕಡೆಯ ಮುಖ್ಯ ದ್ವಾರದಿಂದ ಬಂದರೆ ಮೊದಲು ಎದುರಾಗುವುದು ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ತೋಟ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 7ಕ್ಕೆ ಮುಚ್ಚುತ್ತದೆ. ಮುಂಜಾನೆ ನಡಿಗೆಯ ಹೊತ್ತಿನಲ್ಲಿ ಟಿಕೆಟ್ ಇರುವುದಿಲ್ಲ, ಆಮೇಲೆ ಉಂಟು. ಪ್ರದರ್ಶನದ ದಿನಗಳ ದರ ಬೇರೆ. ಮರ ನೋಡಲು ಹೇಗೂ ಮುಂಜಾನೆಯೇ ವಾಸಿ. ಕೆಲಸ ಮುಗಿಸಿ ಹಸಿವಾದರೆ ಮುಖ್ಯ ದ್ವಾರಕ್ಕೆ ಹತ್ತಿರದಲ್ಲೇ ಎಂಟಿಆರ್ ಹೋಟೆಲ್ ಇದೆ, ಭಾನುವಾರ ಮಾತ್ರ ಕಾಯಬೇಕಾದೀತು.

ತರಬೇಕಾದದ್ದು: ಟೋಪಿ, ನೀರು, ಸಣ್ಣ ನೋಟ್‌ಬುಕ್, ಇದ್ದರೆ ಬೈನಾಕ್ಯುಲರ್. ಎತ್ತರದ ಮೊಗ್ಗು ಬರಿಗಣ್ಣಿಗೆ ಎಲೆಯಂತೆಯೇ ಕಾಣುತ್ತದೆ. ಮಳೆಗಾಲದಲ್ಲಿ ಜಾರದ ಚಪ್ಪಲಿ ಅಥವಾ ಬೂಟು. ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಆದ್ದರಿಂದ ಸೆಂಟು ಹಚ್ಚಿಕೊಂಡು ಬರಬೇಡಿ. ಗೂಡಿರುವ ಮರದ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ. ನಿಮ್ಮ ಮರಕ್ಕೆ ಗುರುತಿಗೆಂದು ಮೊಳೆ ಹೊಡೆಯುವುದು, ದಾರ ಕಟ್ಟುವುದು, ಬಣ್ಣ ಬಳಿಯುವುದು ಯಾವುದೂ ಕೂಡದು. ಆ್ಯಪ್‌ನಲ್ಲಿ ಜಾಗ ಗುರುತಾಗಿರುತ್ತದೆ, ಅಷ್ಟು ಸಾಕು. ಬೀಜ, ಹೂ, ಕಾಯಿ ಕೊಯ್ದು ತೆಗೆದುಕೊಂಡು ಹೋಗುವಂತಿಲ್ಲ. ಕೆರೆಯ ಮೀನಿಗೆ ಬ್ರೆಡ್ಡು ಹಾಕುವವರನ್ನು ಕಂಡರೆ ಮೆತ್ತಗೆ ತಿಳಿಸಿ ಹೇಳಿ. ಸಸಿ ಬೇಕಿದ್ದರೆ ಲಾಲ್‌ಬಾಗಿನ ಒಳಗೇ ನರ್ಸರಿಯವರ ಸಹಕಾರ ಸಂಘದ ಮಾರಾಟ ಕೇಂದ್ರವಿದೆ.

ಮರ ನೋಂದಾಯಿಸಿ ನಡುವೆ ಊರು ಬಿಟ್ಟು ಹೋಗಬೇಕಾಗಿ ಬಂದರೆ, ಮನೆಯವರಲ್ಲೋ ಗೆಳೆಯರಲ್ಲೋ ಒಬ್ಬರಿಗೆ ಮರ ತೋರಿಸಿ ಕೆಲಸ ಒಪ್ಪಿಸಿ ಹೋಗಿ. ಬೆಳಿಗ್ಗೆ ವಾಕಿಂಗ್ ಬರುವ ಅಜ್ಜ ಅಜ್ಜಿಯರು ಇದಕ್ಕೆ ತುಂಬ ಸೂಕ್ತ, ಅವರು ಹೇಗೂ ದಿನವೂ ಬರುವವರು. ದೂರದ ಊರಿನಿಂದ ಒಂದೇ ಬೆಳಗ್ಗೆಗೆಂದು ಬಂದವರೂ ಕೈಲಾದಷ್ಟು ಮಾಡಬಹುದು: ನೋಂದಾಯಿಸದೆ ಒಂದೇ ಸಲ ಮರ ನೋಡಿ ಬರೆಯುವ ಆಯ್ಕೆ ಅದೇ ಆ್ಯಪ್‌ನಲ್ಲಿದೆ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ, ಹಗಲು ರಾತ್ರಿ ಸಮವಾಗುವ ಅಥವಾ ಹಗಲು ಅತಿ ಉದ್ದ, ಅತಿ ಗಿಡ್ಡವಾಗುವ ದಿನಗಳ ಆಸುಪಾಸಿನಲ್ಲಿ, ದೇಶದಾದ್ಯಂತ ಹೀಗೆ ಸಾಧ್ಯವಾದಷ್ಟು ಮರಗಳನ್ನು ಒಟ್ಟಿಗೆ ದಾಖಲಿಸುವ ಅಭಿಯಾನವೂ ನಡೆಯುತ್ತದೆ. ಪ್ರವಾಸದ ದಿನವನ್ನು ಅದಕ್ಕೆ ಹೊಂದಿಸಿಕೊಂಡರೆ, ಗಾಜಿನ ಮನೆಯಿಂದ ಕೆರೆಯವರೆಗೆ ನಡೆಯುವ ದಾರಿಯಲ್ಲೇ ಒಬ್ಬರು ಇಪ್ಪತ್ತು ಮರಗಳನ್ನಾದರೂ ಬರೆದುಕೊಳ್ಳಬಹುದು.