ಮಲಾವಿಯ ಹಳ್ಳಿ ಆಸ್ಪತ್ರೆಗಳಲ್ಲಿ ಗಂಡಸರ ಎಚ್.ಐ.ವಿ. ಪರೀಕ್ಷೆ

ಆಫ್ರಿಕ ಖಂಡದ ಆಗ್ನೇಯ ಭಾಗದಲ್ಲಿ, ನೀಳವಾದ ಒಂದು ಸರೋವರದ ದಡವನ್ನು ಹಿಡಿದು ಮಲಾವಿ ಎಂಬ ಸಣ್ಣ ದೇಶವಿದೆ. 1964ರಲ್ಲಿ ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಈ ದೇಶದ ಪ್ರಜೆಗಳಲ್ಲಿ ಬಹುಮಂದಿ ಹಳ್ಳಿಗರು. ಮೆಕ್ಕೆಜೋಳ ಅವರ ಊಟ, ಹೊಗೆಸೊಪ್ಪು ಅವರ ಹಣದ ಬೆಳೆ. ಎಚ್.ಐ.ವಿ. ಸೋಂಕಿನಿಂದ ಬಹಳವಾಗಿ ನೊಂದ ನಾಡುಗಳಲ್ಲಿ ಇದೂ ಒಂದು. ಆದರೆ ಅದನ್ನು ಎದುರಿಸುವುದರಲ್ಲಿ ಈ ಬಡದೇಶ ತೋರಿದ ಧೈರ್ಯ ಸಾಮಾನ್ಯವಾದುದಲ್ಲ. 2004ರಿಂದ ಸರಕಾರವು ಔಷಧವನ್ನು ಉಚಿತವಾಗಿ ಹಂಚತೊಡಗಿತು. ಸೋಂಕಿರುವ ಪ್ರತಿಯೊಬ್ಬ ಗರ್ಭಿಣಿಗೂ ಆಜೀವಪರ್ಯಂತ ಚಿಕಿತ್ಸೆ ಕೊಡುವ ಪದ್ಧತಿಯನ್ನು 2011ರಲ್ಲಿ ಪ್ರಪಂಚಕ್ಕೇ ಮೊದಲಾಗಿ ಜಾರಿಗೆ ತಂದದ್ದು ಮಲಾವಿಯೇ.

ಇದರ ಫಲ ದೊಡ್ಡದು. ಅದರೊಡನೆ ಒಂದು ಓರೆಯೂ ಹುಟ್ಟಿಕೊಂಡಿತು. ಬಸುರಿಯಾದ ಹೆಂಗಸು ಆಸ್ಪತ್ರೆಗೆ ಬರುತ್ತಾಳೆ, ಬಂದಾಗ ರಕ್ತಪರೀಕ್ಷೆಯೂ ಆಗುತ್ತದೆ. ಗಂಡಸಿಗೆ ಅಂಥ ಬಾಗಿಲಿಲ್ಲ. ತನಗೆ ಸೋಂಕಿದೆ ಎಂದು ಅವನಿಗೆ ತಿಳಿಯುವುದು ಅನೇಕ ವೇಳೆ ದೇಹ ಸೊರಗಿದ ಮೇಲೆ. ಚಿಕಿತ್ಸೆ ತಡವಾದಷ್ಟೂ ಸಾವು ಹತ್ತಿರವಾಗುತ್ತದೆ.

ಗಂಡಸರೇಕೆ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ ಎಂದು ಕೇಳಿದರೆ, ಅಂಜಿಕೆ, ಉದಾಸೀನ, ಗಂಡಸುತನದ ಬಿಂಕ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದರಲ್ಲಿ ನಿಜಾಂಶವಿಲ್ಲದೆ ಇಲ್ಲ. ಆದರೆ ಇಷ್ಟಕ್ಕೇ ತೃಪ್ತರಾಗುವುದು ಸೋಮಾರಿತನವೆಂದೇ ನನ್ನ ಅಭಿಪ್ರಾಯ. ಅಲ್ಲಿ ದಿನಗೂಲಿಗೆ 'ಗಾನ್ಯು' ಎಂದು ಹೆಸರು. ಗಾನ್ಯುವನ್ನು ನಂಬಿದವನು ಬೆಳಗಿನ ಹೊತ್ತು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋಯಿತು. ಪರೀಕ್ಷೆಗೆ ಬೇರೊಂದು ಕೋಣೆ, ಬೇರೊಂದು ಸಾಲು. ಆ ಬಾಗಿಲನ್ನು ಹೊಕ್ಕವನನ್ನು ಹೊರಗೆ ಕುಳಿತ ಊರಿನವರೆಲ್ಲ ನೋಡುತ್ತಾರೆ.

ಇಷ್ಟಾದರೂ ಗಂಡಸರು ಆಸ್ಪತ್ರೆಗೆ ಬರುವುದೇ ಇಲ್ಲವೆ? ಸಂಶೋಧಕರು ಹಳ್ಳಿಗಳಲ್ಲಿ ವಿಚಾರಿಸಿದಾಗ ತಿಳಿದುಬಂದುದು ಇದಕ್ಕೆ ವಿರುದ್ಧವಾದ ಸಂಗತಿ. ಹೆಚ್ಚಿನ ಗಂಡಸರು ವರ್ಷದಲ್ಲಿ ಒಮ್ಮೆಯಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ. ಕೆಲವರು ಮಲೇರಿಯ ಜ್ವರಕ್ಕೋ ಗಾಯಕ್ಕೋ ಬಂದವರು. ಕೆಲವರು ರೋಗಿಯ ಜೊತೆಗೆ ಬಂದವರು. ನಮ್ಮ ತಾಲ್ಲೂಕು ಆಸ್ಪತ್ರೆಗಳಂತೆಯೇ ಅಲ್ಲಿಯೂ ರೋಗಿಯ ಊಟ, ಬಟ್ಟೆ, ಶುಶ್ರೂಷೆಗಳನ್ನು ನೋಡಿಕೊಳ್ಳುವವರು ಮನೆಯವರು. ಹೀಗೆ ಬಂದು ಗಂಟೆಗಟ್ಟಲೆ ಕಾದು ಹೋದವನನ್ನು 'ಪರೀಕ್ಷೆ ಮಾಡಿಸಿಕೊಳ್ಳುವೆಯಾ?' ಎಂದು ಕೇಳಿದವರು ತೀರ ವಿರಳ. ಸಿಬ್ಬಂದಿ ಕಡಿಮೆ, ಜನ ಹೆಚ್ಚು. ಗಂಡಸು ಪರೀಕ್ಷೆಯ ಬಳಿಗೆ ಬಂದಿದ್ದ. ಪರೀಕ್ಷೆ ಅವನ ಬಳಿಗೆ ಬರಲಿಲ್ಲ.

ಸ್ವಯಂಪರೀಕ್ಷೆಯ ಸಾಧನಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಒಪ್ಪಿಗೆ ನೀಡಿತು. ವಸಡಿನ ಮೇಲೆ ಕಡ್ಡಿಯನ್ನು ಒಮ್ಮೆ ಸವರಿ, ದ್ರಾವಣದಲ್ಲಿ ಅದ್ದಿಟ್ಟರೆ ಸುಮಾರು 20 ನಿಮಿಷಗಳಲ್ಲಿ ಗೆರೆ ಮೂಡಿ ಫಲ ತಿಳಿಯುತ್ತದೆ. ಮಲಾವಿಯ 15 ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ ಇದನ್ನು ಪ್ರಯೋಗಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹಳೆಯ ಕ್ರಮವೇ ನಡೆದ ಕಡೆ ಪರೀಕ್ಷೆ ಮಾಡಿಸಿಕೊಂಡವರು ಶೇಕಡ 13. ಸಿಬ್ಬಂದಿಗೆ ತರಬೇತಿ ಕೊಟ್ಟು ಅದೇ ಕ್ರಮವನ್ನು ಚುರುಕುಗೊಳಿಸಿದ ಕಡೆ ಶೇಕಡ 14. ವೈದ್ಯರಿಗಾಗಿ ಕಾಯುತ್ತಿದ್ದವರ ಕೈಗೇ ಸಾಧನವನ್ನು ಕೊಟ್ಟ ಕಡೆ ಶೇಕಡ 51! ಇದರಲ್ಲಿ ಹೆಂಗಸರೂ ಸೇರಿದ್ದರೆಂಬುದನ್ನು ಮರೆಯಬಾರದು. ಆದರೆ ಎರಡನೆಯ ಸಾಲಿಲ್ಲ, ಕಾಯುವ ಹೊತ್ತೇ ಪರೀಕ್ಷೆಯ ಹೊತ್ತು ಎಂಬ ಅನುಕೂಲ ಕೂಲಿಯವನಿಗೆ ಎಷ್ಟು ಒಪ್ಪುವಂಥದೆಂದು ಬಿಡಿಸಿ ಹೇಳಬೇಕಾದುದಿಲ್ಲ. ತರಬೇತಿಯಿಂದ ಆದ ಲಾಭ ಇಷ್ಟು ಅಲ್ಪವಾದುದೂ ಯೋಚಿಸತಕ್ಕ ವಿಷಯ.

ಬಸುರಿಯ ಕೈಯಲ್ಲಿ ಗಂಡನಿಗೆ ಸಾಧನ ಕಳುಹಿಸುವುದು ಇನ್ನೊಂದು ದಾರಿ. ಬ್ಲಾಂಟೈರ್ ನಗರದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಧನದೊಡನೆ, ಆಸ್ಪತ್ರೆಗೆ ಬಂದವರಿಗೆ ಹತ್ತು ಡಾಲರು ಕೊಡುವುದೆಂದು ತಿಳಿಸಿದಾಗ ಸುಮಾರು ಅರ್ಧದಷ್ಟು ಗಂಡಂದಿರು ಪರೀಕ್ಷಿಸಿಕೊಂಡು ಆಸ್ಪತ್ರೆಗೆ ಬಂದರು. ಬರಿಯ ಆಹ್ವಾನಪತ್ರಕ್ಕೆ ಓಗೊಟ್ಟವರು ಶೇಕಡ 13 ಮಾತ್ರ. ದಾರಿಖರ್ಚು ಮತ್ತು ಕೂಲಿಯ ನಷ್ಟ ಎಷ್ಟು ದೊಡ್ಡ ಅಡ್ಡಿಯೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಗಂಡನನ್ನು ಒಪ್ಪಿಸುವ ಹೊರೆ ಇಲ್ಲಿಯೂ ಹೆಂಡತಿಯದೇ. ಅವನು ಮುಂಗೋಪಿಯಾದರೆ ಏಟೂ ಅವಳಿಗೇ. ಗಂಡನೊಡನೆ ಬಂದವಳಿಗೆ ಮೊದಲ ಸರದಿ ಎಂಬ ನಿಯಮ ಕೆಲವು ಆಸ್ಪತ್ರೆಗಳಲ್ಲಿತ್ತು. ಒಂಟಿಯಾಗಿ ಬಂದ ಬಸುರಿಯ ಗತಿಯೇನು? ಗಂಡಸರನ್ನು ಕರೆತರಲು ಹೆಂಗಸರನ್ನು ಕಾಯಿಸುವುದು ನನಗಂತೂ ನ್ಯಾಯವಾಗಿ ತೋರುವುದಿಲ್ಲ. ಬಲವಂತವಂತೂ ಕೂಡದು, ನಮ್ಮ ದೇಶದಲ್ಲಿಯೂ 2017ರ ಕಾಯಿದೆಯ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ.

ಬಾಯಿಯ ದ್ರವದ ಪರೀಕ್ಷೆಯಲ್ಲಿ ಸೋಂಕು ಕಂಡರೆ ರಕ್ತಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು. ಖಚಿತವಾದ ಮೇಲೆ ದಿನವೂ ಮಾತ್ರೆ. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲ. ಆದರೆ ಮಾತ್ರೆಗೆಂದು ಪದೇ ಪದೇ ಬರಬೇಕಾದರೆ ಮತ್ತೆ ಅದೇ ಸಾಲು, ಅದೇ ಕೂಲಿಯ ನಷ್ಟ. ದುಡಿಮೆಗಾಗಿ ದಕ್ಷಿಣ ಆಫ್ರಿಕಕ್ಕೆ ಹೋಗುವವರ ಪಾಡು ಇನ್ನೂ ಕಷ್ಟ. ಆದುದರಿಂದ, ಸ್ಥಿರವಾಗಿರುವ ರೋಗಿಗಳಿಗೆ ಆರು ತಿಂಗಳ ಮಾತ್ರೆಗಳನ್ನು ಒಮ್ಮೆಗೇ ಕೊಟ್ಟು ಕಳುಹಿಸುವ ಪ್ರಯೋಗವೂ ಮಲಾವಿ ಮತ್ತು ನೆರೆಯ ಜಾಂಬಿಯಗಳಲ್ಲಿ ನಡೆದಿದೆ.