ಕೊರತೆಯನ್ನು ಬಚ್ಚಿಡಬೇಡಿ, ಬರೆದಿಡಿ

ಪ್ರಶ್ನೆ: ನನಗೆ 28 ವರ್ಷ, ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜು ದಿನಗಳಿಂದ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುತ್ತಿದ್ದೇನೆ, ಅದರ ಕನ್ನಡ ಅನುವಾದಕ್ಕೂ ಕೈ ಹಾಕಿದ್ದೇನೆ. ಡೆಬಿಯನ್ ಕಟ್ಟುವವರು ವರ್ಷಕ್ಕೊಮ್ಮೆ ಒಂದೆಡೆ ಸೇರುವ ಡೆಬ್‌ಕಾನ್ಫ್ ಸಮ್ಮೇಳನವನ್ನು ನಮ್ಮೂರಿಗೆ ತರಬೇಕೆಂದು ಐದು ಜನ ಸೇರಿ ಬಿಡ್, ಅಂದರೆ ಆತಿಥ್ಯದ ಪ್ರಸ್ತಾವ, ಸಿದ್ಧಪಡಿಸುತ್ತಿದ್ದೇವೆ. ನಾನು ಅಣ್ಣ ಎಂದೇ ಕರೆಯುವ ಹಿರಿಯರೊಬ್ಬರು, 'ಕೊರತೆಯನ್ನೆಲ್ಲ ಈಗಲೇ ಬರೆದರೆ ಯಾರು ಕೊಡುತ್ತಾರೆ? ಮೊದಲು ಸಿಗಲಿ, ಆಮೇಲೆ ನೋಡಿಕೊಳ್ಳೋಣ' ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಸಿಕ್ಕಿದ ಮೇಲೆ ಎಡವಿದರೆ ಊರಿನ ಮಾನ ಹೋಗುತ್ತದೆ. ಸಿಗದಿದ್ದರೆ ಇಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ. ಹಿಂದೆ ಸರಿಯಲೇ?
– ಹೆಸರು ಬೇಡ, ಮೈಸೂರು

ಉತ್ತರ: ಪ್ರಿಯ ಸಹೋದರಿ, ಹಿಂದೆ ಸರಿಯಬೇಡಿ. ಬರುವವರ ಊಟ, ನಿದ್ದೆ, ಸುರಕ್ಷತೆ ನನ್ನ ಹೊಣೆ ಎಂದು ಈಗಲೇ ಅನ್ನಿಸಿದ್ದರಿಂದ ನಿಮಗೆ ನಿದ್ದೆ ಕೆಟ್ಟಿದೆ. ಅತಿಥಿಯನ್ನು ಕರೆಯುವ ಮೊದಲು ಮನೆಯಲ್ಲಿ ಎಷ್ಟು ಚಾಪೆ ಇದೆ ಎಂದು ಎಣಿಸುವವರ ಕಳವಳ ಅದು. ಅಂಥವರೊಬ್ಬರು ತಂಡದಲ್ಲಿರಲೇಬೇಕು.

ನಿಮ್ಮ ಅಣ್ಣನ ಆಸೆ ದೊಡ್ಡದು, ಅದನ್ನು ಗೌರವಿಸಿ. ಆದರೆ ಅವರ ಸಲಹೆಯನ್ನು ಒಪ್ಪಬೇಡಿ. ಡೆಬ್‌ಕಾನ್ಫ್ ಬಿಡ್ ಲಕೋಟೆಯೊಳಗಿನ ಟೆಂಡರ್ ಅಲ್ಲ. ಅದನ್ನು ಎಲ್ಲರೂ ಓದುತ್ತಾರೆ, ಆತಿಥೇಯ ಊರನ್ನು ಆರಿಸುವ ಸಮಿತಿಯವರು ಕೂತು ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಹಲವು ಊರುಗಳಲ್ಲಿ ಸಮ್ಮೇಳನ ನಡೆಸಿ ಪೆಟ್ಟು ತಿಂದು ಕಲಿತವರು ಅವರು. ನೀವು ಮುಚ್ಚಿಟ್ಟ ಕೊರತೆ ಅವರ ಮೊದಲ ಪ್ರಶ್ನೆಯಲ್ಲೇ ಹೊರಬೀಳುತ್ತದೆ. ನೀವೇ ಬರೆದು, ಪಕ್ಕದಲ್ಲಿ ಪರಿಹಾರವನ್ನೂ ಬರೆದ ಕೊರತೆ ನಿಮ್ಮ ಮೇಲಿನ ನಂಬಿಕೆಯನ್ನು ಹೆಚ್ಚಿಸುತ್ತದೆ.

ಮೈಸೂರಿನದನ್ನೇ ನೋಡಿ. ವಿದೇಶದಿಂದ ಬರುವವರು ಹೆಚ್ಚಾಗಿ ಇಳಿಯುವುದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಇಡೀ ಬೆಂಗಳೂರು ದಾಟಿ ಬರಬೇಕು. ಬರೆಯಿರಿ, ಜೊತೆಗೆ ಅಲ್ಲಿಂದ ಮೈಸೂರಿಗೆ ನೇರ ಬರುವ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿನ ವೇಳಾಪಟ್ಟಿ ಸೇರಿಸಿ. ದಸರಾ ಹತ್ತಿರವಾದರೆ ಕೋಣೆ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೈಗೆಟುಕುವುದಿಲ್ಲ. ಆ ವರ್ಷದ ಪಂಚಾಂಗ ನೋಡಿ ದಿನಾಂಕ ಸೂಚಿಸಿ. ಮೊದಲ ವಾರ ಒಟ್ಟಿಗೆ ಕೂತು ಕೆಲಸ ಮಾಡುವ ಡೆಬ್‌ಕ್ಯಾಂಪ್, ಎರಡನೆಯ ವಾರ ಸಮ್ಮೇಳನ. ಎರಡು ವಾರ ಹಾಸ್ಟೆಲ್ ಬೇಕೆಂದರೆ ಕಾಲೇಜಿಗೆ ರಜೆ ಇರಬೇಕು. ಇದನ್ನು ಪ್ರಾಂಶುಪಾಲರ ಬಾಯಿಮಾತಿಗೆ ಬಿಡದೆ ಪತ್ರದಲ್ಲಿ ಪಡೆಯಿರಿ. ಬಹಳ ಹಿಂದೆ ಒಂದು ಸಣ್ಣ ಕಾರ್ಯಾಗಾರಕ್ಕೆ ನಾವು ಬಾಯಿಮಾತನ್ನೇ ನಂಬಿದ್ದೆವು. ನಾಲ್ಕು ದಿನ ಇರುವಾಗ ಆ ಸಭಾಂಗಣ ಪರೀಕ್ಷೆಗೆ ಹೋಯಿತು. ನೋಂದಾಯಿಸಿಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳಿದ ಆ ಸಂಜೆ ನನಗಿನ್ನೂ ಮರೆತಿಲ್ಲ.

ಸ್ಥಳ ನೋಡಲು ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ. ಡೆಬ್‌ಕಾನ್ಫ್‌ಗೆ ಬರುವವರು ಹ್ಯಾಕ್‌ಲ್ಯಾಬ್ ಎಂಬ ಕೆಲಸದ ಕೋಣೆಯಲ್ಲಿ ನಡುರಾತ್ರಿಯವರೆಗೆ ಕೂರುತ್ತಾರೆ. ವಾರ್ಡನ್ ಒಂಬತ್ತೂವರೆಗೆ ಗೇಟಿಗೆ ಬೀಗ ಹಾಕಿದರೆ ಏನು ಗತಿ? ಲ್ಯಾಪ್‌ಟಾಪ್ ತೆಗೆದು ಕಾಲೇಜಿನ ವೈಫೈಗೆ ಜೋಡಿಸಿ ದೂರದ ಕಂಪ್ಯೂಟರ್‌ಗೆ ಎಸ್‌ಎಸ್‌ಎಚ್ ಸಂಪರ್ಕ ಮಾಡಿ ನೋಡಿ. ಎಷ್ಟೋ ಕಾಲೇಜುಗಳ ಫೈರ್‌ವಾಲ್ ಅದನ್ನು ತಡೆಯುತ್ತದೆ. ಅದು ತಡೆದರೆ ಬಂದವರ ಕೆಲಸವೇ ನಿಂತಂತೆ. ಕರೆಂಟು ಹೋದಾಗ ಜನರೇಟರ್ ಯಾವ ಯಾವ ಕೋಣೆಗೆ ಬರುತ್ತದೆ, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿ, ಬರೆದುಕೊಳ್ಳಿ.

ಹಣದ ವಿಷಯದಲ್ಲಿ ಎರಡು ಲೆಕ್ಕ ಬರೆಯಿರಿ. ಒಂದು, ಪ್ರಾಯೋಜಕರು ಕಡಿಮೆ ಬಂದರೂ ನಡೆಯಲೇಬೇಕಾದ ಖರ್ಚು. ಇನ್ನೊಂದು, ಹೆಚ್ಚು ಬಂದರೆ ಸೇರಿಸುವುದು. ಜಿಎಸ್‌ಟಿ ಮರೆಯಬೇಡಿ. ಹೊರದೇಶದ ಹಣ ಯಾರ ಖಾತೆಗೆ, ಯಾವ ಹೆಸರಿನಲ್ಲಿ ಬರಬೇಕೆಂದು ಮೊದಲೇ ಆಡಿಟರ್ ಹತ್ತಿರ ಕೂತು ಕೇಳಿ, ಏಕೆಂದರೆ ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಕಾನೂನಿದೆ. ಯಾರೂ ತಮ್ಮ ಸಂಬಳದ ಹಣದಿಂದ ಮುಂಗಡ ಕಟ್ಟಬಾರದೆಂದು ಐವರೂ ಮಾತು ಕೊಟ್ಟುಕೊಳ್ಳಿ. ವೀಸಾ ಇನ್ನೂ ನಿಧಾನದ ಕೆಲಸ. ಕಾನ್ಫರೆನ್ಸ್ ವೀಸಾಕ್ಕೆ ಕೇಂದ್ರ ಸರ್ಕಾರದ ಅನುಮತಿಪತ್ರಗಳು ಬೇಕಾಗುತ್ತವೆ. ಅದಕ್ಕೆಂದೇ ಒಬ್ಬರು ಮೀಸಲಾಗಿರಲಿ.

ಬಿಡ್ ಸಿಗದಿದ್ದರೆ ಎಂಬ ಭಯಕ್ಕೆ ಕೊಚ್ಚಿಯನ್ನು ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಭಾರತದ ಮೊದಲ ಡೆಬ್‌ಕಾನ್ಫ್ ಅಲ್ಲಿ ನಡೆಯಿತು. ಅದಕ್ಕೂ ಮೊದಲು, 2022ರ ನವೆಂಬರ್‌ನಲ್ಲಿ ಪಾಲಕ್ಕಾಡಿನಲ್ಲಿ, 2023ರ ಜನವರಿಯಲ್ಲಿ ತಮಿಳುನಾಡಿನ ವಿಳುಪ್ಪುರಂನಲ್ಲಿ ಮಿನಿ ಡೆಬ್‌ಕಾನ್ಫ್‌ಗಳು ನಡೆದವು. ನೂರು ಜನರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿ ಅಭ್ಯಾಸವಾದ ತಂಡಕ್ಕೆ ನಾನೂರು ಜನರ ಅಂದಾಜು ಸಿಗುತ್ತದೆ. ನೀವೂ ಮೊದಲು ಎರಡು ದಿನದ ಮಿನಿ ಡೆಬ್‌ಕಾನ್ಫ್ ಮಾಡಿ. ಹಾಗೆ ಮಾಡಿದರೆ ಬಿಡ್ ಸೋತರೂ ಕಲಿತ ಹುಡುಗ ಹುಡುಗಿಯರು ಊರಿನಲ್ಲೇ ಉಳಿಯುತ್ತಾರೆ. ಪಟ್ಟ ಶ್ರಮ ಎಲ್ಲಿಗೂ ಹೋಗುವುದಿಲ್ಲ.

ಈ ಭಾನುವಾರ ಐವರೂ ಒಂದೆಡೆ ಕೂರಿ. ಹಾಳೆಯಲ್ಲಿ ಆರು ಸಾಲು ಬರೆಯಿರಿ: ಸ್ಥಳ, ವಸತಿ, ಊಟ, ಲೆಕ್ಕ, ವೀಸಾ, ನೆಟ್‌ವರ್ಕ್ ಮತ್ತು ವಿಡಿಯೊ. ಪ್ರತಿ ಸಾಲಿಗೂ ಎರಡೆರಡು ಹೆಸರು ಬೇಕು, ಒಬ್ಬರಿಗೆ ಜ್ವರ ಬಂದರೆ, ಕೆಲಸ ಬದಲಾದರೆ ಇನ್ನೊಬ್ಬರು ಹಿಡಿಯಬೇಕು. ಯಾರ ಹೆಸರೂ ಎರಡಕ್ಕಿಂತ ಹೆಚ್ಚು ಸಾಲಿನಲ್ಲಿ ಬರಬಾರದು. ಐದು ಜನರಿಂದ ಆ ಹಾಳೆ ತುಂಬುವುದಿಲ್ಲ. ಖಾಲಿ ಉಳಿದ ಜಾಗಗಳನ್ನು ಅಣ್ಣನಿಗೆ ತೋರಿಸಿ, 'ಇಲ್ಲಿಗೆ ಯಾರನ್ನು ಕರೆಯೋಣ ಅಣ್ಣಾ?' ಎಂದು ಕೇಳಿ. ವಾದದಿಂದ ಬಗೆಹರಿಯದ್ದು ಆ ಪ್ರಶ್ನೆಯಿಂದ ಬಗೆಹರಿಯಬಹುದು. ಹಾಳೆ ತುಂಬಿದ ದಿನ ಬಿಡ್ ಕಳಿಸಿ. ಅಲ್ಲಿಯವರೆಗೆ ಒಂದು ವರ್ಷ ತಡವಾದರೂ ಚಿಂತೆಯಿಲ್ಲ.